ಐದನೆಯ ಹೆಸರು

ಡಿಸೆಂಬರ್ 7, ಭಾನುವಾರ

ಮತ್ತೆ ಸೈಕಲ್ ತುಳಿದು ನಂದಿ ಬೆಟ್ಟ. ಮತ್ತೆ ಅದೇ ಕಾರುಗಳ ಸಾಲು. ಸೂರ್ಯ ಹುಟ್ಟುವುದು ಇಲ್ಲೊಂದೇ ಕಡೆ ಎಂದು ಬೆಂಗಳೂರಿನವರಿಗೆ ಯಾರು ಹೇಳಿದರೋ... ಹಾರ್ನ್ ಹೊಡೆದು ಹೊಡೆದು ತಲೆ ಕೆಡಿಸಿದರು. ಒಬ್ಬ ಕಿಟಕಿ ಇಳಿಸಿ, ಕಮಾನ್ ಆಂಟಿ ಎಂದ. ನನಗೆ ಇಪ್ಪತ್ತೇಳು. ಆಂಟಿಯಂತೆ. ಅವನ ಮನೆ ಹಾಳಾಗ.

ಸಿಂಚನ ಆವತಿಯಿಂದ ಬಂದು ಬೆಟ್ಟದ ಬುಡದಲ್ಲಿ ಕಾಯುತ್ತಿದ್ದಳು. ಡಿಗ್ರಿ ಮುಗಿಸಿ ಮನೆಯಲ್ಲಿರುವ ಹುಡುಗಿ, ನನಗಿಂತ ಐದು ವರ್ಷ ಚಿಕ್ಕವಳು. ಅವಳದು ಅವಳ ಅಣ್ಣನ ಹಳೇ ಸೈಕಲ್. ಅರ್ಧ ಬೆಟ್ಟ ನನ್ನ ಪಕ್ಕದಲ್ಲೇ ಹತ್ತಿದಳು, ಮಾತಾಡುತ್ತ. ಉತ್ತರ ಕೊಡಲು ನನಗೆ ಉಸಿರಿರಲಿಲ್ಲ. ಕೊನೆಯ ತಿರುವುಗಳಲ್ಲಿ ಬಿಟ್ಟು ಹೋದಳು. ನಾನು ಮೇಲೆ ತಲುಪುವಷ್ಟರಲ್ಲಿ ಕಡ್ಲೆಕಾಯಿ ಸುಲಿದು ನನಗೆಂದು ಕರ್ಚೀಫಿನಲ್ಲಿ ಇಟ್ಟಿದ್ದಳು. ಒಳ್ಳೆಯವಳು. ಕಷ್ಟ ಅದೇ. ಬೈಯುವುದಕ್ಕೂ ಆಗುವುದಿಲ್ಲ.

ಡಿಸೆಂಬರ್ 10, ಬುಧವಾರ

ಅಶೋಕ್ ಸರ್ ಫೋನ್. ದೇವನಹಳ್ಳಿಯಲ್ಲಿ ಸೈಕಲ್ ಅಂಗಡಿ ಇಟ್ಟಿರುವವರು, ರೇಸ್ ನಡೆಸುವವರೂ ಅವರೇ. ಫೆಬ್ರವರಿ 22 ಫಿಕ್ಸ್. ಹೆಂಗಸರ ರೇಸ್ ನಡೆಯಬೇಕಾದರೆ ಕನಿಷ್ಠ ಐದು ಹೆಸರು ಬೇಕು. ಹೋದ ವರ್ಷ ನಾಲ್ಕೇ ಬಂದವು, ಕ್ಯಾನ್ಸಲ್ ಆಯಿತು. ಚಳಿಗಾಲವೆಲ್ಲ ಬೆವರು ಸುರಿಸಿ ಕೊನೆಗೆ ಗಂಡಸರಿಗೆ ಬಾಳೆಹಣ್ಣು ಹಂಚಿ ಬಂದೆ.

ಈ ಸಲ ಐದು ಇದೆ. ನಾನು, ಸಿಂಚನ, ಹೊಸಕೋಟೆಯ ಪಿ.ಟಿ. ಟೀಚರ್ ಪದ್ಮಶ್ರೀ, ನೆಲಮಂಗಲದ ಅಕ್ಷತ, ಅವಳ ತಂಗಿ. ಸರಿಯಾಗಿ ಐದು. ಒಂದೂ ಹೆಚ್ಚಿಗೆ ಇಲ್ಲ.

ಯುಗಾದಿ ಆದಮೇಲೆ ಸೈಕಲ್ ಅಟ್ಟಕ್ಕೆ ಎಂದು ಅಪ್ಪ ಹೇಳಿಯಾಗಿದೆ. ಅಂದರೆ ನನಗಿರುವುದು ಇದೊಂದೇ ರೇಸ್. ಗೆಲ್ಲಬೇಕೆಂದಲ್ಲ. ಬೆನ್ನಿಗೆ ನಂಬರ್ ಹಚ್ಚಿಕೊಂಡು ಒಂದು ಸಲ, ಒಂದೇ ಒಂದು ಸಲ, ಆ ಗೆರೆಯ ಮೇಲೆ ನಿಲ್ಲಬೇಕು. ಇಷ್ಟು ಕೇಳುವುದು ಅತಿಯಾಸೆಯಾ?

ಡಿಸೆಂಬರ್ 16, ಮಂಗಳವಾರ. ಬೆಳಿಗ್ಗೆ 5

ಧನುರ್ಮಾಸ ಶುರು. ದೇವಸ್ಥಾನದ ಮೈಕ್ ನನಗಿಂತ ಮೊದಲೇ ಎದ್ದಿದೆ. ಹೊರಗೆ ಮಂಜು, ಎದುರು ಮನೆ ಕಾಣುತ್ತಿಲ್ಲ. ಬೆರಳು ಸೆಟೆದು ಬ್ರೇಕ್ ಹಿಡಿಯಲು ಆಗುವುದಿಲ್ಲ. ಆದರೂ ವರ್ಷದಲ್ಲಿ ನನಗೆ ಇಷ್ಟವಾದ ತಿಂಗಳು ಇದೇ. ಈ ತಿಂಗಳು ಯಾರೂ ಹೆಣ್ಣು ನೋಡಲು ಬರುವಂತಿಲ್ಲ. ಸಂಕ್ರಾಂತಿಯವರೆಗೆ ನನ್ನನ್ನು ಯಾರೂ ಕೇಳುವುದಿಲ್ಲ. ದೇವರಿಗೆ ಹುಗ್ಗಿ, ನನಗೆ ಬೆಟ್ಟ.

ಡಿಸೆಂಬರ್ 28, ಭಾನುವಾರ

ಘಾಟಿ ರಸ್ತೆಯ ಉದ್ದಕ್ಕೂ ರಾಗಿ ತೆನೆ ಹರಡಿದ್ದಾರೆ, ಲಾರಿ ತುಳಿದು ಕಾಳು ಉದುರಿಸಲಿ ಎಂದು. ಹುಲ್ಲು ಚಕ್ರಕ್ಕೆ ಸುತ್ತಿಕೊಂಡು ಚೈನ್ ಕಚ್ಚಿತು. ಬಿದ್ದೆ. ತೆನೆ ಕಾಯುತ್ತಿದ್ದ ಅಜ್ಜಿ ಓಡಿ ಬಂದಳು. ನನ್ನನ್ನು ಎತ್ತಲಿಕ್ಕಲ್ಲ, ತೆನೆ ಸರಿಮಾಡಲಿಕ್ಕೆ.

ಮನೆಗೆ ಬಂದರೆ ಪಿಳ್ಳಪ್ಪ ಮಾವ ಅವರೇಕಾಯಿ ಸುಲಿಯುತ್ತ ಕೂತಿದ್ದಾನೆ. ಅಮ್ಮನ ದೊಡ್ಡಪ್ಪನ ಮಗ. ಊರೂರು ತಿರುಗಿ ಗಂಡು ಹೆಣ್ಣು ಜೋಡಿಸುವುದೇ ಕಸುಬು. ಧನುರ್ಮಾಸದಲ್ಲಿ ನೋಡುವಂತಿಲ್ಲ, ಆದರೆ ಸುದ್ದಿ ಹೇಳಬಹುದಂತೆ. ದಾಬಸ್‌ಪೇಟೆಯ ಹುಡುಗ, ಹೆಸರು ಮೂರ್ತಿ, ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಜನವರಿ 18ಕ್ಕೆ ಬರುತ್ತಾರೆ. ನನ್ನ ಮೊಣಕೈ ನೋಡಿ, ಅಷ್ಟರಲ್ಲಿ ಕಲೆ ಹೋಗುತ್ತದಾ ಎಂದು ಕೇಳಿದ. ನೋಯುತ್ತಿದೆಯಾ ಎಂದಲ್ಲ.

ಒಪ್ಪಿಗೆಯಾದ ದಿನದಿಂದ ಸೈಕಲ್ ಮುಟ್ಟಬಾರದು ಎಂದು ಅಮ್ಮ ಈಗಲೇ ಹೇಳಿಬಿಟ್ಟಳು. ಬಿಸಿಲಿಗೆ ಮುಖ ಕಪ್ಪಾದರೆ ಅವರಿಗೆ ಏನು ಹೇಳುವುದು ಎಂದಳು. ಅಂದರೆ ಹುಡುಗ ಹೂಂ ಎಂದರೆ ನನ್ನ ರೇಸಿಗೆ ಮಣ್ಣು.

ಜನವರಿ 15, ಗುರುವಾರ

ಸಂಕ್ರಾಂತಿ. ಎಳ್ಳುಬೆಲ್ಲ ಹಂಚಿ ಮುಗಿಸುವಷ್ಟರಲ್ಲಿ ಪಿಳ್ಳಪ್ಪ ಮಾವ ಊಟಕ್ಕೆ ಹಾಜರು. ಅಪ್ಪ ತೋಟಕ್ಕೆ ಹೋಗಿದ್ದ. ಮಾವ ಹಿತಕಿದ ಅವರೆಬೇಳೆ ಸಾರು ಎರಡು ಸಲ ಬಡಿಸಿಕೊಂಡ.

ಮನೆಗೆ ಬಂದ ಸಂಬಂಧವನ್ನು ಬೇಡ ಎಂದು ಬರಿಗೈಯಲ್ಲಿ ಕಳಿಸುವುದಿಲ್ಲ ನಮ್ಮ ಕಡೆ. ಇನ್ನೊಂದು ಮನೆ ತೋರಿಸುತ್ತಾರೆ. ಆಗ ಯಾರ ಮರ್ಯಾದೆಯೂ ಹೋಗುವುದಿಲ್ಲ, ತಂದವನ ಓಡಾಟವೂ ದಂಡವಾಗುವುದಿಲ್ಲ. ಅಜ್ಜಿ, ಅತ್ತೆಯರು ಎಲ್ಲ ಮಾಡಿದ್ದು ಇದನ್ನೇ.

ನಾನೂ ತೋರಿಸಿದೆ. "ಮಾವ, ಆವತೀಲಿ ಒಬ್ಳವ್ಳೆ. ಸಿಂಚನ ಅಂತ. ನಮ್ಮೋರೇ. ನನ್ಗಿಂತ ಬೆಳ್ಳಗವ್ಳೆ, ನನ್ಗಿಂತ ಚಿಕ್ಕೋಳು."

ಮಾವನ ಕೈ ಎಲೆಯ ಮೇಲೇ ನಿಂತಿತು. ಅವರಪ್ಪನ ಹೆಸರು ಕೇಳಿದ, ಮನೆ ಎಲ್ಲಿ ಎಂದು ಕೇಳಿದ. ಹೇಳಿದೆ. ಮಜ್ಜಿಗೆ ಅನ್ನ ಕೂಡ ತಿನ್ನದೆ ಎದ್ದ.

ಯೋಚನೆ ಮಾಡಿಯೇ ಹೇಳಿದ್ದು. ಜಾತಕ, ಓಡಾಟ, ಆ ಕಡೆಯವರ ಮುನಿಸು, ಈ ಕಡೆಯವರ ಮುನಿಸು... ನಮ್ಮವರು ಯಾವುದನ್ನು ಮೂರು ತಿಂಗಳೊಳಗೆ ಮುಗಿಸಿದ್ದಾರೆ? ಅಷ್ಟರಲ್ಲಿ ರೇಸ್ ಆಗಿಹೋಗಿರುತ್ತದೆ. ನನಗೂ ಅವಳಿಗೂ. ಬೇರೆ ಏನೂ ನನ್ನ ಮನಸ್ಸಿನಲ್ಲಿರಲಿಲ್ಲ.

ಬೇರೆ ಏನೂ ಇರಲಿಲ್ಲ ಎಂದು ಯಾರಿಗೆ ಬರೆಯುತ್ತಿದ್ದೇನೆ?

ಜನವರಿ 18, ಭಾನುವಾರ

ನಮ್ಮ ಮನೆಗೆ ಯಾರೂ ಬರಲಿಲ್ಲ. ಗಂಡಿನವರು ನೆಟ್ಟಗೆ ಆವತಿಗೆ ಹೋದರಂತೆ. ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಅಮ್ಮ ಪಾತ್ರೆಗಳ ಜೊತೆ ಜಗಳವಾಡುತ್ತಿದ್ದಾಳೆ.

ಬೆಳಿಗ್ಗೆ ಬೆಟ್ಟಕ್ಕೆ ಒಬ್ಬಳೇ ಹೋಗಿದ್ದೆ. ಮೇಲೆ ಮೊದಲು ತಲುಪಿದ್ದು ನಾನೇ. ಎರಡನೆಯವರು ಯಾರೂ ಇರಲಿಲ್ಲ.

ಜನವರಿ 26, ಸೋಮವಾರ

ಸಿಂಚನಳ ಮೆಸೇಜ್. ಹುಡುಗನ ಫೋಟೋ. ಹೇಗಿದ್ದಾರೆ ಅಕ್ಕ ಎಂದು ಕೇಳಿದ್ದಾಳೆ. ಚೆನ್ನಾಗಿದ್ದಾನೆ ಎಂದು ಹಾಕಿದೆ. ಸಂತೋಷವಾ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಎಂಟೇ ದಿನದಲ್ಲಿ ಒಪ್ಪಿಗೆಯಾಗಿಬಿಟ್ಟಿದೆ. ಹುಡುಗನ ಅಜ್ಜಿಗೆ ಹುಷಾರಿಲ್ಲವಂತೆ, ಕಣ್ಣು ಮುಚ್ಚುವುದರೊಳಗೆ ಮೊಮ್ಮಗನ ಮದುವೆ ನೋಡಬೇಕಂತೆ. ಜಾತಕ ಕೂಡ ನೋಡಿಸಲಿಲ್ಲ, ಹೆಸರುಬಲದ ಮೇಲೆಯೇ ಮುಗಿಸಿದರು. ನಿಶ್ಚಿತಾರ್ಥ ಫೆಬ್ರವರಿ 22. ಭಾನುವಾರ ಎಲ್ಲರಿಗೂ ರಜಾ ಎಂದು. ಅವಳನ್ನು ಆಗಲೇ ಬಿಸಿಲಿಗೆ ಬಿಡುತ್ತಿಲ್ಲ. ಸೈಕಲನ್ನು ಅವಳ ಅಣ್ಣ ಕೊಟ್ಟಿಗೆಗೆ ಹಾಕಿ ಬೀಗ ಜಡಿದಿದ್ದಾನೆ. ಸಾರಿ ಅಕ್ಕ, ಐದು ಜನ ಆಗಲ್ಲ ಅಲ್ವಾ ಎಂದು ಕೊನೆಯಲ್ಲಿ ಬರೆದಿದ್ದಾಳೆ.

ಸಾರಿಯಂತೆ. ಅವಳು ನನಗೆ.

ಫೆಬ್ರವರಿ 3, ಮಂಗಳವಾರ

ಐದನೆಯವಳಿಗಾಗಿ ಯಾರ ಕಾಲು ಹಿಡಿಯುವುದು ಬಾಕಿ ಇದೆಯೋ ಗೊತ್ತಿಲ್ಲ. ನಾನು ಕೆಲಸಕ್ಕೆ ಹೋಗುವ ಗೋಡೌನಿನಲ್ಲಿ ಬಿಲ್ಲಿಂಗ್ ಮಾಡುವ ಕೀರ್ತನಳನ್ನು ಕೇಳಿದೆ. ಗೆರೆ ದಾಟಿ ಪಕ್ಕದಲ್ಲಿ ಇಳಿದುಬಿಡು, ಆಮೇಲೆ ನೀನು ಸೈಕಲ್ ಹೊಡೆಯುವುದೂ ಬೇಡ ಎಂದೆ. ಅವಳ ಗಂಡನಿಗೆ ಸೈಕಲಿನವರು ಹಾಕುವ ಆ ಚಡ್ಡಿ ಇಷ್ಟವಿಲ್ಲವಂತೆ. ಅಪ್ಪ ಹದಿನೈದು ದಿನದ ಮೇಲೆ ಬಾಯಿ ಬಿಟ್ಟ, ಅದೂ ಚುಚ್ಚಲಿಕ್ಕೆ. ನಿಮ್ಮಮ್ಮನ್ನೇ ಕೂರಿಸಿಕೊಂಡು ಹೋಗು ಎಂದ. ಅಮ್ಮ ನಕ್ಕಳು.

ಫೆಬ್ರವರಿ 10, ಮಂಗಳವಾರ

ಎಂಟ್ರಿ ಕ್ಲೋಸ್. ನಾಲ್ಕು. ಹೆಂಗಸರಿಗೆ ರೇಸ್ ಬದಲು ಜಾಯ್ ರೈಡ್ ಇಟ್ಟಿದ್ದಾರಂತೆ. ಬಂದವರಿಗೆಲ್ಲ ಮೆಡಲ್ ಕೊಡುತ್ತೇವೆ ಮೇಡಂ, ಬೇಜಾರು ಮಾಡಿಕೊಳ್ಳಬೇಡಿ ಎಂದರು ಅಶೋಕ್ ಸರ್. ಆ ಮೆಡಲ್ ಅವರೇ ಇಟ್ಟುಕೊಳ್ಳಲಿ. ಹಾಗೆಂದು ಹೇಳಲಿಲ್ಲ. ಥ್ಯಾಂಕ್ಸ್ ಸರ್ ಎಂದೆ.

ಫೆಬ್ರವರಿ 22, ಭಾನುವಾರ. ಸಂಜೆ

ಆವತಿಗೆ ಹೋಗದೆ ಇರಲು ಅಮ್ಮ ಬಿಡಲಿಲ್ಲ. ಹೊಟ್ಟೆಕಿಚ್ಚು ಎಂದುಕೊಳ್ಳುತ್ತಾರೆ ಎಂದಳು. ದಾರಿಯಲ್ಲಿ ರೇಸಿನವರು ಎದುರು ಬಂದರು. ಗಂಡಸರು, ಗುಂಪಾಗಿ, ಬೆನ್ನಿಗೆ ನಂಬರು. ಅವರು ದಾಟಲಿ ಎಂದು ಅಪ್ಪ ಕಾರನ್ನು ಪಕ್ಕಕ್ಕೆ ನಿಲ್ಲಿಸಿದ. ನಾನು ಮಡಿಲಲ್ಲಿದ್ದ ಹೂವಿನ ಪೊಟ್ಟಣ ನೋಡುತ್ತ ಕೂತೆ.

ಸಿಂಚನ ಹಸಿರು ಸೀರೆ ಉಟ್ಟಿದ್ದಳು. ನಾಲ್ಕು ವಾರ ಒಳಗೇ ಕೂತು ಮುಖ ನಿಜಕ್ಕೂ ಬೆಳ್ಳಗಾಗಿತ್ತು. ಉಂಗುರ ಆಯಿತು, ಲಗ್ನಪತ್ರಿಕೆ ಓದಿದ್ದಾಯಿತು. ಆಮೇಲೆ ಸಂಬಂಧ ಕೂಡಿಸಿದವರಿಗೆ ಸೀರೆಯೋ ಪಂಚೆಯೋ ಕೊಡುವುದು ಪದ್ಧತಿ. ಪಿಳ್ಳಪ್ಪ ಮಾವ ತನ್ನ ಪಂಚೆ ತೆಗೆದುಕೊಂಡು ಸುಮ್ಮನಿರಬಾರದಾ? "ಈ ಮಗೀಗೂ ಒಂದ್ ಸೀರೆ ಕೊಡ್ರಮ್ಮ. ನಿಮ್ ಮನೆ ತೋರ್ಸಿದ್ದೇ ಇವ್ಳು" ಎಂದ, ಎಲ್ಲರೆದುರಿಗೆ. ಸಿಂಚನಳ ಅಮ್ಮ ಕುಂಕುಮ ಇಟ್ಟು ಸೀರೆ ಕೊಟ್ಟು ನನ್ನ ಕೆನ್ನೆ ಸವರಿದರು. ಸಂತೋಷಕ್ಕೆ ಅವರಿಗೆ ಅಳು ಬಂದಿತ್ತು. ಹಿಂದೆ ಸಿಂಚನ ನನ್ನನ್ನೇ ನೋಡುತ್ತಿದ್ದಳು. ಅಲ್ಲಿಯವರೆಗೆ ಅವಳಿಗೆ ಗೊತ್ತಿರಲಿಲ್ಲ.

ಊಟವಾದ ಮೇಲೆ ಕೈ ತೊಳೆಯುವಲ್ಲಿ ನನ್ನ ಪಕ್ಕ ಬಂದು ನಿಂತಳು. ಜಗಳಕ್ಕೆ ಬಂದಳು ಎಂದುಕೊಂಡೆ. ಜಗಳವಾಡಿದ್ದರೆ ಎಷ್ಟೋ ವಾಸಿ ಇತ್ತು.

"ಅಕ್ಕ, ಬೆಟ್ಟ ನಿಮ್ಗಿಂತ ಬೇಗ ಹತ್ತುತಿದ್ನಲ್ಲ... ಅದಕ್ಕಾ?"

ಅಲ್ಲ ಕಣೆ ಎಂದೆ. ಅವಳು ತಲೆಯಾಡಿಸಿದಳು. ಸೆರಗಿನಿಂದ ಕೈ ಒರೆಸಿಕೊಂಡಳು.

"ಒಂದ್ ಮಾತು ಹೇಳಿದ್ರೆ ನಿಧಾನಕ್ಕೆ ಹತ್ತಿರ್ತಿದ್ದೆ."

ಅಷ್ಟೇ ಹೇಳಿ ಒಳಗೆ ಹೋದಳು, ಯಾರೋ ಫೋಟೋಗೆ ಕರೆಯುತ್ತಿದ್ದರು.

ಅದಕ್ಕಲ್ಲ. ನನಗೆ ಬೇಕಿದ್ದದ್ದು ರೇಸ್ ನಡೆಯುವುದು ಅಷ್ಟೇ. ನಡೆದಿದ್ದರೆ ಅವಳೇ ಗೆಲ್ಲುತ್ತಿದ್ದಳು, ಅದು ನನಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದೂ ನಾನು ಆ ದಿನ ಮಾವನಿಗೆ ಅವಳ ಹೆಸರನ್ನೇ ಯಾಕೆ... ಆವತಿಯಲ್ಲಿ ನಮ್ಮವರ ಮನೆ ಬೇರೆ ಎಷ್ಟೋ ಇದ್ದವು, ಬೇರೆ ಹುಡುಗಿಯರೂ ಇದ್ದರು, ನನಗೆ—