ಕ್ವೀನಿಯ ಬಾಲದ ಕಣ್ಣು

ನವೆಂಬರ್ ೨೩, ೧೯೪೩. ಮಧ್ಯಾಹ್ನ

ಮತ್ತೆ ಮೊಟ್ಟೆ. ತಟ್ಟೆ ನೋಡಿದರೇ ಸಾಕು, ಇವತ್ತು ಹಾರಾಟ ಉಂಟು ಅಂತ ಗೊತ್ತಾಗುತ್ತದೆ. ಯುದ್ಧದ ರೇಷನ್ನಿನಲ್ಲಿ ಇಡೀ ಇಂಗ್ಲೆಂಡಿಗೆ ಸಿಗದ ಮೊಟ್ಟೆ, ಹಾರುವ ದಿನ ನಮಗೆ ಪುಕ್ಕಟೆ. ಹಲ್ ಊರಿನ ಪೇಟೆಯಲ್ಲಿ ಪಿಂಗಾಣಿ ಮಾರಿದವನು ನಾನು. ಪುಕ್ಕಟೆ ಮಾಲು ಕಂಡರೆ ಮೊದಲು ತಳ ತಿರುಗಿಸಿ ನೋಡುವ ಚಾಳಿ.

ಕ್ವೀನಿ, ಅಂದರೆ ನಮ್ಮ ಲ್ಯಾಂಕಾಸ್ಟರ್ ಬಾಂಬರ್, ಅದರ ಬೆನ್ನ ಮೇಲಿನ ಗಾಜಿನ ಗನ್ ಗೂಡಿನಲ್ಲಿ ನಾನು. ಬಾಲದ ಗೂಡಿನಲ್ಲಿ ಈನಕ್ ಟ್ರಾಂಟರ್. ಇಬ್ಬರದೂ ಒಂದೇ ಕಸುಬು. ಕತ್ತಲನ್ನು ನೋಡುತ್ತ ಕೂರುವುದು, ಜರ್ಮನ್ ಫೈಟರ್ ಕಂಡರೆ ಹೊಡೆಯುವುದು. ತರಬೇತಿ ಮುಗಿದಾಗ ನಮ್ಮನ್ನೆಲ್ಲ ಒಂದು ಹ್ಯಾಂಗರಿನೊಳಗೆ ಬಿಟ್ಟು, ನಿಮ್ಮ ತಂಡ ನೀವೇ ಕಟ್ಟಿಕೊಳ್ಳಿ ಅಂದಿದ್ದರು. ಈನಕ್‌ನನ್ನು ಎಳೆದು ತಂದವನು ನಾನೇ.

"ಸ್ಕಿಪ್ಪರ್, ಇವನು ಕಲ್ಲಿದ್ದಲು ಗಣಿಯವನು. ಹುಡುಗನಾಗಿದ್ದಾಗಿಂದ ಕತ್ತಲಲ್ಲೇ ದುಡಿದಿದಾನೆ. ಬೆಕ್ಕಿನ ಕಣ್ಣು."

ನಮ್ಮ ಸ್ಕಿಪ್ಪರ್, ಅಂದರೆ ಪೈಲಟ್ ಲಾರ್ಕಮ್, ಎರಡು ಮಾತಾಡದೆ ಅವನ ಕೈ ಕುಲುಕಿದ. ಬೆರಳಿಂದ ತಟ್ಟಿ ನೋಡದೆ ಬಟ್ಟಲು ಕೊಳ್ಳುವ ಗಿರಾಕಿ.

ನವೆಂಬರ್ ೨೪

ಬರ್ಲಿನ್‌ನಿಂದ ವಾಪಸ್. ಬರುವಾಗ ಫೈಟರ್ ಬೆನ್ನು ಹತ್ತಿತ್ತು. ಬಾಲದ ನೇರಕ್ಕೆ, ಈನಕ್‌ನ ಮೂಗಿನ ಮುಂದೆ. ನನಗೆ ಕಂಡಿತು... ಅವನು ಸುಮ್ಮನಿದ್ದ. ನಾನು ಕೂಗಿದೆ, ಲಾರ್ಕಮ್ ವಿಮಾನವನ್ನು ಕೆಳಕ್ಕೆ ಧುಮುಕಿಸಿದ, ಬದುಕಿದೆವು. ರೆಕ್ಕೆಯಲ್ಲಿ ಬಕೆಟ್ ತೂರುವಷ್ಟು ತೂತು.

ನವೆಂಬರ್ ೨೫

ಸೈಕಲ್ ಶೆಡ್ಡಿನ ಹಿಂದೆ ಅವನನ್ನು ಹಿಡಿದೆ.

"ಎಷ್ಟು ದಿನದಿಂದ, ಈನಕ್?"

"ಏನು ಎಷ್ಟು ದಿನದಿಂದ?"

"ಸಂಜೆ ಆದ್ಮೇಲೆ ಸೈಕಲ್ ತುಳಿಯೋದು ಬಿಟ್ಟಿದೀಯಲ್ಲ, ಅದು."

ಬಗ್ಗಿ ಬೂಟು ಒರೆಸಿಕೊಂಡ. "ಗಣಿಯವರಿಗೆ ಬರೋ ಕಾಯಿಲೆ ಕಣಯ್ಯಾ. ನಮ್ಮಪ್ಪನಿಗೂ ಇತ್ತು. ಕತ್ತಲಲ್ಲಿ ದುಡಿದೂ ದುಡಿದೂ ಕಣ್ಣು ಕುಣಿಯೋಕೆ ಶುರುವಾಗುತ್ತೆ. ಹಗಲು ಪರವಾಗಿಲ್ಲ. ರಾತ್ರಿ ಒಂದೂ ನೆಟ್ಟಗೆ ನಿಲ್ಲಲ್ಲ."

"ಡಾಕ್ಟರ್ ಹತ್ರ ಹೋಗು."

"ಹೋಗಿ? ಬರ್ಲಿನ್‌ಗೆ ಹೋಗಿಬಂದ ಮಾರನೇ ದಿನ ಕಣ್ಣು ಕಾಣಲ್ಲ ಅಂತೀನಾ? ಹೇಡಿ ಅಂತ ಮುದ್ರೆ ಒತ್ತಿ, ತೋಳಿನ ದರ್ಜೆ ಪಟ್ಟಿ ಕಿತ್ತು ಮನೆಗೆ ಕಳಿಸ್ತಾರೆ. ಆಮೇಲೆ ನನ್ನ ಹೆಂಡತಿ ಬೀದೀಲಿ ತಲೆ ಎತ್ತೋ ಹಾಗಿದೆಯಾ?"

ಅದೂ ನಿಜ. ಇಲ್ಲಿ ಸತ್ತವನಿಗೆ ಮರ್ಯಾದೆ ಇದೆ, ಮುದ್ರೆ ಬಿದ್ದವನಿಗಿಲ್ಲ. ಮೇಲಾಗಿ ಅವನು ಹೋದರೆ ಹೊಸಬ ಬರುತ್ತಾನೆ. ಹೊಸಬ ಹತ್ತಿದ ವಿಮಾನ ವಾಪಸ್ ಬರಲ್ಲ ಅನ್ನುವುದು ಇಲ್ಲಿ ಎಲ್ಲರ ನಂಬಿಕೆ. ನಾನು ನಂಬುವುದಿಲ್ಲ. ನಂಬದಿರಲು ಧೈರ್ಯವೂ ಇಲ್ಲ.

ಒಪ್ಪಂದ ಆಯಿತು. ನಾನು ನೋಡಿ ಕೂಗಬೇಕು, ಅವನು ಅತ್ತ ಹೊಡೆಯಬೇಕು. ವಿಮಾನದ ಕೆಳಗಿನದು ಮಾತ್ರ ನನ್ನ ಗೂಡಿನಿಂದ ಕಾಣುವುದಿಲ್ಲ. ಅದರ ಮಾತು ಇಬ್ಬರೂ ಎತ್ತಲಿಲ್ಲ.

ಡಿಸೆಂಬರ್ ೩

ಹೋಗಿಬಂದೆವು. ಎರಡು ಸಲ ಕೂಗಿದೆ, ಎರಡು ಸಲವೂ ಅವನ ಗನ್ ಹಾರಿತು. ಇಳಿದ ಮೇಲೆ ಲಾರ್ಕಮ್ ಅವನ ಬೆನ್ನು ತಟ್ಟಿದ. "ನೋಡಿದ್ರಾ ನಮ್ಮ ಗಣಿ ಬೆಕ್ಕನ್ನ." ಈನಕ್ ನನ್ನ ಕಡೆ ನೋಡಲಿಲ್ಲ.

ಡಿಸೆಂಬರ್ ೧೫

ಕಿವಿಯಲ್ಲಿ ಕೀವಾಗಿದೆ. ಡಾಕ್ಟರ್ ದೀಪ ಹಿಡಿದು ನೋಡಿ ಹಾರಾಟ ಬಂದ್ ಅಂದರು. "ಮೇಲೆ ಹೋದರೆ ಕಿವಿಯ ತಮಟೆ ಹರಿಯುತ್ತೆ. ಆಮೇಲೆ ಪೇಟೆಯಲ್ಲಿ ಗಿರಾಕಿ ಚೌಕಾಸಿ ಮಾಡಿದ್ದು ಕೇಳಿಸಲ್ಲ ನಿಂಗೆ." ನನ್ನ ಜಾಗಕ್ಕೆ ಪಿಮ್ ಅಂತ ಬದಲಿ ಗನ್ನರ್. ಮೊದಲು ಸ್ಕೂಲ್ ಮೇಷ್ಟ್ರು.

"ಪಿಮ್‌ಗೆ ಹೇಳ್ಲಾ?" ಅಂತ ಈನಕ್‌ನನ್ನು ಕೇಳಿದೆ.

"ಮೇಷ್ಟ್ರು ಕಣಯ್ಯಾ. ಕೇಳಿದ ತಕ್ಷಣ ಮೇಲಿನವರಿಗೆ ಒಪ್ಪಿಸ್ತಾರೆ."

ಡಿಸೆಂಬರ್ ೧೬. ಸಂಜೆ

ಲಾರ್ಕಮ್‌ಗೆ ಹೇಳಿಯೇಬಿಡುವುದು ಅಂತ ಸೈಕಲ್ ಹತ್ತಿದೆ. ಹೋಗುವಷ್ಟರಲ್ಲಿ ಎಲ್ಲರೂ ಕ್ವೀನಿಯ ಹಿಂದಿನ ಚಕ್ರದ ಸುತ್ತ ನಿಂತಿದ್ದರು. ಹೊರಡುವ ಮುಂಚೆ ಅದರ ಮೇಲೆ ಉಚ್ಚೆ ಹೊಯ್ಯುವುದು ನಮ್ಮ ಪೂಜೆ. ತಪ್ಪಿಸುವಂತಿಲ್ಲ.

"ಬಂದ ನೋಡ್ರೋ," ಅಂದ ಲಾರ್ಕಮ್. "ಕಿವಿ ಕೆಟ್ಟರೂ ಇದು ಕೆಟ್ಟಿಲ್ಲ ಇವನಿಗೆ. ಬಾರಯ್ಯಾ, ಜಾಗ ಬಿಡಿ."

ಈನಕ್‌ನ ಪಕ್ಕ ನಿಂತೆ. ಅವನು ತಲೆ ಎತ್ತದೆ, ನನಗೊಬ್ಬನಿಗೇ ಕೇಳುವಂತೆ, "ಕ್ರಿಸ್‌ಮಸ್‌ಗೆ ಬರ್ತೀನಿ ಅಂತ ಬರೆದಿದೀನಿ ಅವಳಿಗೆ," ಅಂದ.

ಗುಂಡಿ ಹಾಕಿಕೊಂಡೆ. "ಸ್ಕಿಪ್ಪರ್."

"ಏನು?"

"...ಪಿಮ್‌ಗೆ ಹೇಳಿ. ಹಿಂದೆ ಚೆನ್ನಾಗಿ ನೋಡಲಿ."

"ಹಿಂದೆ ನೋಡೋಕೆ ನಮ್ಮ ಬೆಕ್ಕಿಲ್ವೇನಯ್ಯಾ?"

ಎಲ್ಲರೂ ನಕ್ಕರು. ಈನಕ್ ಕೂಡ. ನಾನೂ.

ಡಿಸೆಂಬರ್ ೧೭

ಮಂಜು. ಉಳಿದವರು ಒಬ್ಬೊಬ್ಬರೇ ಇಳಿದರು. ಕ್ವೀನಿ ಇಲ್ಲ. ಪಕ್ಕದಲ್ಲಿ ಹಾರುತ್ತಿದ್ದವರು ಕಂಡಿದ್ದಾರಂತೆ. ಫೈಟರ್ ಹಿಂದಿನಿಂದ, ಕೆಳಗಿನಿಂದ ಬಂತಂತೆ. ಬಾಲದ ಗನ್ ಹಾರಲೇ ಇಲ್ಲವಂತೆ. ಯಾರೂ ಪ್ಯಾರಾಶೂಟ್ ಕಟ್ಟಿ ಹಾರಿಕೊಳ್ಳಲಿಲ್ಲವಂತೆ.

ಜನವರಿ ೯, ೧೯೪೪

ಕಿವಿ ಒಣಗಿದೆ. ನಾಳೆಯಿಂದ ಹಾರಾಟ. ಬೇರೆ ತಂಡ, ಅದೇ ಬೆನ್ನಿನ ಗೂಡು. ಈಗ ಹೊಸಬ ನಾನು. ಯಾರೂ ನನ್ನ ಮುಖ ನೋಡಿ ಮಾತಾಡುವುದಿಲ್ಲ. ನೋಡದಿರುವುದೂ ಸರಿಯೇ.

ಇವರ ಬಾಲದ ಗನ್ನರ್ ಕ್ಲೆಗ್. ಮಾತು ಕಡಿಮೆ. ಸಿಗರೇಟು ಕೊಟ್ಟು, ಬೆಳಕು ಪೂರ್ತಿ ಹೋಗುವವರೆಗೆ ಹೊರಗೆ ನಿಲ್ಲಿಸಿಕೊಂಡೆ. ಬೇಲಿಯಾಚೆ ಕೈ ತೋರಿಸಿದೆ.

"ಅಲ್ಲಿ ಏನು ಕಾಣುತ್ತೆ?"

"ಯಾಕೆ?"

"ಸುಮ್ನೆ ಹೇಳಯ್ಯಾ."

ಬಹಳ ಹೊತ್ತು ನೋಡಿದ. "ಹೊಲ," ಅಂದ. ಒಳಗೆ ಹೋದ.

ಹೊಲದಲ್ಲಿ ಕುದುರೆಗಳಿದ್ದವು. ಅವನಿಗೆ ಕಾಣಲಿಲ್ಲವೋ, ಹೇಳುವಂಥದ್ದಲ್ಲ ಅಂದುಕೊಂಡನೋ... ಇನ್ನೊಮ್ಮೆ ಕೇಳಬೇಕು. ಬೂಟು ಹಾಕಿಕೊಂಡಿದ್ದೇನೆ. ಕ್ಲೆಗ್ ಏನೇ ಅನ್ನಲಿ, ಈ ಸಲ ನೇರ ಇವರ ಸ್ಕಿಪ್ಪರ್ ಹತ್ತಿರ ಹೋಗಿ ಹೇಳಿಬಿಡುವುದೇ.