ಕೆಳಗೇರಿ, ಹಳೇ ಜಾಲಿಕಟ್ಟಿ

ಸಿಂದಗಿ
ಮೇ 27, 2024

ಭೀಮಶ್ಯಾನ ಅಪ್ಪ ಗುರುನಾಥ ಅವರಿಗೆ, ಗುಂಡವ್ವ ಮಾಡುವ ಜೈಭೀಮ.

ನನ್ನ ಅಕ್ಷರ ಕಂಡು ಗಾಬರಿಯಾಗಬೇಡಿ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ನಿಮ್ಮ ಮಗಳು ಸಂಘಮಿತ್ರಾ ಇಂಡಿಯಲ್ಲಿ ಶಿಕ್ಷಕಿಯಾಗಿ ಚೆನ್ನಾಗಿದ್ದಾಳೆ. ನಾನು ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತ, ಅವರ ತೂಕ ನೋಡುತ್ತ ಇದ್ದೇನೆ. ಹಿನ್ನೀರು ಬಂದು ನಮ್ಮೂರು ಮುಳುಗಿದ ಮೇಲೆ ನೀವು ಆ ನೀರನ್ನು ಬಿಟ್ಟು ಬರಲಾರದೆ ಅಲ್ಲೇ ಉಳಿದಿರಿ. ನಾನು ಅದನ್ನು ನೋಡಲಾರದೆ ಎದೆಹಾಲಿನ ಮಗಳನ್ನು ಎತ್ತಿಕೊಂಡು ತವರಿಗೆ ಬಂದೆ. ತಪ್ಪು ಯಾರದೂ ಅಲ್ಲ. ಈ ಪತ್ರ ಜಗಳಕ್ಕೂ ಅಲ್ಲ, ರಾಜಿಗೂ ಅಲ್ಲ. ಒಂದು ಸಂಗತಿ ತಿಳಿಸುವುದಿದೆ, ಅಷ್ಟೇ.

ಹೋದ ತಿಂಗಳು ಅಂಗನವಾಡಿಯ ಅಕ್ಷಾಂಶ, ರೇಖಾಂಶ ಕಳಿಸಬೇಕೆಂದು ಮೇಲಿನಿಂದ ಮೆಸೇಜು ಬಂತು. ಮೊಬೈಲಿನ ನಕ್ಷೆಯಲ್ಲಿ ವಿಳಾಸ ಬರೆದರೆ ಕೆಂಪು ಗುರುತು ಬೀಳುತ್ತದೆ. ಅಲ್ಲಿ ಬೆರಳು ಒತ್ತಿ ಹಿಡಿದರೆ ಎರಡು ಅಂಕಿ ಬರುತ್ತವೆ. ಇಡೀ ಭೂಮಿಯ ಮೇಲೆ ಆ ಎರಡು ಅಂಕಿಯ ಜಾಗ ಅದೊಂದೇ. ಅಂಗನವಾಡಿಯದನ್ನು ಕಳಿಸಿಯಾಯಿತು. ಮಕ್ಕಳು ಉಂಡು ಮಲಗಿದ್ದರು. ನನ್ನ ಬೆರಳು ತಾನಾಗಿ ಇನ್ನೊಂದು ವಿಳಾಸ ಬರೆಯಿತು: ಗುರುನಾಥ ಅವರ ಮನೆ, ಕೆಳಗೇರಿ, ಜಾಲಿಕಟ್ಟಿ, ತಾಲೂಕು ಬಸವನ ಬಾಗೇವಾಡಿ.

ನಕ್ಷೆ ನನ್ನನ್ನು ದಿಬ್ಬದ ಮೇಲಿನ ಹೊಸ ಜಾಲಿಕಟ್ಟಿಗೆ ಒಯ್ದು ಪಂಚಾಯಿತಿ ಮುಂದೆ ನಿಲ್ಲಿಸಿತು. ಕೆಳಗೇರಿ ಅದಕ್ಕೆ ಗೊತ್ತೇ ಇರಲಿಲ್ಲ. ‘ಹಳೇ’ ಎಂದು ಸೇರಿಸಿದೆ. ಗುರುತು ಜಾರಿ ನೀಲಿ ನೀರಿನ ನಡುವೆ ಬಿತ್ತು. ದಾರಿ ಕೇಳಿದೆ. ದಂಡೆಯವರೆಗೆ ರಸ್ತೆ ತೋರಿಸಿತು. ಅಲ್ಲಿಂದ ಮುಂದೆ ನೀರೊಳಗೆ ಚುಕ್ಕಿ ಚುಕ್ಕಿಯ ಗೆರೆ. ಮೊಬೈಲನ್ನು ಬೋರಲು ಹಾಕಿದೆ.

ಒಂದು ಮಾತು ನಿಮಗೆ ಎಂದೂ ಹೇಳಿಲ್ಲ. ಡ್ಯಾಂ ತುಂಬಿತೆಂದು ಸುದ್ದಿ ಬಂದಾಗಲೆಲ್ಲ ನನಗೆ ಭೀಮಶ್ಯಾನ ದನಿ ಕೇಳುತ್ತದೆ. “ಅವ್ವಾ, ಬಾಗಲಾ ತಗಿ.” ಹಾಡುಹಗಲೇ, ರೊಟ್ಟಿ ಬಡಿಯುತ್ತ ಕೂತಿರುವಾಗಲೇ. ಅವನು ಜ್ವರ ಬಂದು ಹೋದದ್ದು ನೀರು ಬರುವ ಹಿಂದಿನ ಬೇಸಿಗೆಯಲ್ಲಿ. ನಾಲ್ಕು ವರ್ಷದ ಕೂಸು ಆ ನೀರನ್ನು ಕಂಡದ್ದೇ ಇಲ್ಲ. ಆದರೂ ದನಿ ಒದ್ದೆಯಾಗಿರುತ್ತದೆ. ನಾನು ಎದ್ದು ಬಾಗಿಲು ತೆಗೆಯುತ್ತೇನೆ. ನಿಜಕ್ಕೂ ತೆಗೆಯುತ್ತೇನೆ.

ಮರುದಿನ ನಕ್ಷೆ ಬದಲಿಸಿ ಉಪಗ್ರಹದ ಚಿತ್ರ ಹಾಕಿದೆ. ಯಾವುದೋ ಬೇಸಿಗೆಯಲ್ಲಿ ತೆಗೆದದ್ದು, ನೀರು ಹಿಂದೆ ಸರಿದಿತ್ತು. ದೊಡ್ಡದು ಮಾಡುತ್ತ ಹೋದೆ. ಕಂದು ಮಣ್ಣಿನಲ್ಲಿ ಹನುಮಪ್ಪನ ಗುಡಿಯ ಕಟ್ಟೆ, ಓಣಿಯ ಗೆರೆ, ನಮ್ಮ ಕೇರಿಯವರೇ ತೋಡಿದ ಬಾವಿಯ ದುಂಡು ಬಾಯಿ. ಬಾವಿಯಿಂದ ಹೊಳೆಯ ಕಡೆಗೆ ಬೆರಳು ನಡೆಸಿದೆ. ನಮ್ಮ ಹೊಲದ ಬದು. ಅವನನ್ನು ಮಣ್ಣು ಮಾಡಿದ ಜಾಗ. ಬೆರಳು ಒತ್ತಿ ಹಿಡಿದೆ. 16.4ರಿಂದ ಶುರುವಾಗುವ ಒಂದು ಅಂಕಿ, 75.8ರಿಂದ ಶುರುವಾಗುವ ಇನ್ನೊಂದು. ನಮ್ಮ ಮಗನಿಗೂ ಒಂದು ವಿಳಾಸ ಇತ್ತು.

ಬಾಗೇವಾಡಿಯಲ್ಲಿ ಮೀಟಿಂಗ್ ಇತ್ತು, ಹಾಗೇ ಹೋಗಿ ಬಂದೆ ಎಂದು ಬರೆಯೋಣವೆಂದಿದ್ದೆ. ಮೀಟಿಂಗ್ ಇರಲಿಲ್ಲ. ರಜೆ ಹಾಕಿ, ಸಿಂದಗಿ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ ಅದಕ್ಕಾಗಿಯೇ ಹೋದೆ.

ದಂಡೆಯಲ್ಲಿ ಮೀನಿನ ಬಲೆ ಒಣಹಾಕುತ್ತಿದ್ದ ನಮ್ಮೂರ ಸೋಮನಿಂಗ ನನ್ನ ಗುರುತು ಹಿಡಿದ. “ಯಕ್ಕಾ, ಒಬ್ಬಾಕಿ ಎಲ್ಲಿ ಹೊಂಟಿ? ಮ್ಯಾಲ ಒಣಗೇತಿ, ಒಳಗ ಹುದಲೈತಿ, ಕಾಲು ಹುಗೀತಾವ” ಎಂದು ಬಡಿಗೆ ತಗೊಂಡು ಮುಂದೆ ನಡೆದ. ಬಿರುಕು ಬಿಟ್ಟ ಮಣ್ಣು, ಸತ್ತ ಚಿಪ್ಪು, ಕರ್ರಗಾದ ಜಾಲಿಯ ಬೊಡ್ಡೆ. ಎಷ್ಟು ನಡೆದರೂ ಒಂದು ಹಕ್ಕಿಯ ದನಿ ಇಲ್ಲ. ಹೊಸಿಲುಗಲ್ಲುಗಳನ್ನು ದಾಟುವಾಗ ಸೆರಗು ಹೊದ್ದುಕೊಂಡೆ, ಒಳಗೆ ಯಾರೋ ಹಿರಿಯರು ಕೂತಿದ್ದಾರೆ ಅನ್ನಿಸಿ. ಇದ್ದಕ್ಕಿದ್ದಂತೆ ಮೊಬೈಲು ಜೋರಾಗಿ ಮಾತಾಡಿತು: ನೀವು ತಲುಪಿದ್ದೀರಿ. ಸೋಮನಿಂಗ ಬೆಚ್ಚಿ ಹಿಂದೆ ತಿರುಗಿದ.

ಅಲ್ಲಿ ಏನಿತ್ತೆಂದು ನಿಮಗೆ ಗೊತ್ತು.

ನನಗೆ ಗೊತ್ತಿರಲಿಲ್ಲ. ಮೊದಲು ಕಂಡದ್ದು ತಂತಿ ಸುತ್ತಿದ ಒಂದು ದಪ್ಪ ಕಲ್ಲು, ಅದಕ್ಕೆ ಕಟ್ಟಿದ ಕೂಸಿನ ಪ್ಲಾಸ್ಟಿಕ್ ಚಪ್ಪಲಿ. ಕೂತು ಕೈಯಿಂದ ಹೂಳು ಕೆರೆದೆ. ಅದರ ಪಕ್ಕ ಇನ್ನೊಂದು ಜೋಡಿ, ಸ್ವಲ್ಪ ದೊಡ್ಡದು. ಅದರಾಚೆ ಸಾಲೆಗೆ ಹೋಗುವ ಹುಡುಗನದು. ಆಮೇಲೆ ಮೀಸೆ ಚಿಗುರುವ ಹುಡುಗನದು. ಕೆಲವು ಹೊಳೆಯ ಪಾಲಾಗಿರಬೇಕು, ನಡುನಡುವೆ ಬರೀ ಕಲ್ಲು. ಕೊನೆಯದು ಆಳೆತ್ತರದ ಗಂಡಸಿನ ಚಪ್ಪಲಿ. ಸತ್ತ ಮಗು ಆ ಮಣ್ಣಿನೊಳಗೆ ವರ್ಷ ವರ್ಷ ಬೆಳೆದಿತ್ತು.

ಸೋಮನಿಂಗ ಟವೆಲ್ಲಿನಿಂದ ಮುಖ ಒರೆಸಿಕೊಂಡ. “ಗುರಣ್ಣ ಇಟ್ಟಿದ್ದು ಯಕ್ಕಾ. ನೀರು ಸರಿದ ಮ್ಯಾಲ ವರ್ಷಾ ಬರ್ತಿದ್ದ. ಹುಡುಗ ಬೆಳಿಯಾಕತ್ತಾನ, ಹ್ವಾದ ವರ್ಷದ್ದು ಕಾಲಿಗೆ ಹಿಡಿಯಂಗಿಲ್ಲ ಅಂತಿದ್ದ. ಈ ಸಲ ಬಂದಿಲ್ಲ. ದೀಪಾವಳಿ ಮುಂದ ಲಕ್ವಾ ಹೊಡೀತಂತ, ಮುದ್ದೇಬಿಹಾಳದಾಗ ತಮ್ಮ ಯಂಕಪ್ಪನ ಮನ್ಯಾಗ ಅದಾನಂತ. ನಿನಗ ಯಾರೂ ಹೇಳಿಲ್ಲೇನು?”

ಯಾರೂ ಹೇಳಿರಲಿಲ್ಲ. ನನಗೆ ಅಳು ಬರುವ ಮೊದಲು ಸಿಟ್ಟು ಬಂತು. ನೀವು ಒಬ್ಬರೇ ಅವನನ್ನು ಬೆಳೆಸಿದಿರಿ. ನನ್ನ ಬಾಗಿಲಲ್ಲಿ ಅವನು ಇನ್ನೂ ನಾಲ್ಕು ವರ್ಷದವನೇ, ಅಗಳಿ ಎಟುಕದೆ ಅಳುತ್ತ ನಿಂತಿದ್ದಾನೆ. ನನಗೂ ಒಂದು ಮಾತು ಹೇಳಿದ್ದರೆ ನಾನೂ ಅವನನ್ನು ದೊಡ್ಡವನನ್ನಾಗಿ ಮಾಡುತ್ತಿರಲಿಲ್ಲವೇ? ಆಮೇಲೆ ಅತ್ತೆ. ಸೋಮನಿಂಗ ಬೆನ್ನು ತಿರುಗಿಸಿ ದೂರ ನಿಂತಿದ್ದ.

ಮರಳಿ ಬರುವಾಗ ನಿಮ್ಮನ್ನು ಒಮ್ಮೆ ಅಲ್ಲಿಗೆ ಕರೆತರಬಹುದೇ ಎಂದು ಅವನನ್ನು ಕೇಳಿದೆ. “ಈ ಕೆಸರಾಗ ಅಂವಗ ಆಗಂಗಿಲ್ಲ ಯಕ್ಕಾ. ನೀರು ತುಂಬಿದ ಮ್ಯಾಲ ದೋಣ್ಯಾಗ ಕುಂದ್ರಿಸಿಕೊಂಡು ಒಯ್ತೇನಿ. ಆದ್ರ ಅಷ್ಟ ನೀರಾಗ ಜಾಗ ಹ್ಯಾಂಗ ಗೊತ್ತಾಗ್ಬೇಕು?” ಎಂದ. ನಾನು ಮೊಬೈಲು ತೋರಿಸಿದೆ. ಮಣ್ಣಿದ್ದರೂ ನೀರಿದ್ದರೂ ಆ ಎರಡು ಅಂಕಿ ಅವೇ. ಶ್ರಾವಣದಲ್ಲಿ ದೋಣಿ ಸರಿಯಾಗಿ ನಮ್ಮ ಮಗನ ತಲೆಯ ಮೇಲೆ ನಿಲ್ಲುತ್ತದೆ. ನೀವು ಹುಷಾರಾಗಿ ಕೂತರೆ ಸಾಕು, ನಾನು ಹಿಡಿದುಕೊಂಡಿರುತ್ತೇನೆ.

ಬರುವ ರವಿವಾರ ಮುದ್ದೇಬಿಹಾಳಕ್ಕೆ ಬರುತ್ತೇನೆ. ಬೇಡವೆಂದಿದ್ದರೆ ಯಂಕಪ್ಪನ ಕೈಯಿಂದ ಫೋನು ಮಾಡಿಸಿ. ಫೋನು ಬರದಿದ್ದರೆ ಬಾ ಎಂದಿರಿ ಎಂದೇ ತಿಳಿಯುತ್ತೇನೆ.

ಎಲ್ಲಿದ್ದರೂ ನಿಮ್ಮವಳೇ ಆದ,
ಗುಂಡವ್ವ

ತಾ.ಕ.: ಕೊನೆಯ ಜೋಡಿಯ ತಂತಿ ಬಿಚ್ಚಿ, ತೊಳೆದು ಮನೆಗೆ ತಂದಿದ್ದೇನೆ. ಸಿಟ್ಟಾಗಬೇಡಿ. ಬಾಗಿಲ ಹೊರಗೆ ನನ್ನ ಚಪ್ಪಲಿಯ ಪಕ್ಕ ಬಿಟ್ಟಿದ್ದೇನೆ. ನಿನ್ನೆ ಪಕ್ಕದ ಮನೆಯ ಅಫ್ರೋಜ ಸಕ್ಕರೆ ಕೇಳಲು ಬಂದವಳು ಅದನ್ನು ನೋಡಿ, “ಯಾರ ಬಂದಾರ್ರಿ ಮನಿಗೆ?” ಎಂದಳು. ನನ್ನ ಮಗ ಎಂದೆ. ಒಳಗೆ ಮಲಗಿದ್ದಾನೆ, ಮೆಲ್ಲಗೆ ಮಾತಾಡು ಎಂದೆ.