ಬಾಲದ ಕೊಬ್ಬು ನುಂಗಿದ ಬೀಗಿತಿಗೆ

ಪ್ರೀತಿಯ ಕ್ಲಾರಾ,

ನಿನ್ನ ಕಥೆಯೊಂದನ್ನು ನಮಗೆ ಹೇಳಿದವಳು ನಮ್ಮ ಮೊಮ್ಮಗಳು ಬೆರ್ಮೆತ್. ಹೇಳಿದ್ದು ನಿನ್ನೆ ಸಂಜೆ, ಹಸುಗಳನ್ನು ಕೊಟ್ಟಿಗೆಗೆ ಕಟ್ಟಿ ಎಲ್ಲರೂ ಚಹಾಕ್ಕೆ ಕೂತಿದ್ದಾಗ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ರಜೆಗೆಂದು ನಮ್ಮಲ್ಲಿಗೆ ಬಂದ ಹುಡುಗಿಗೆ ಫ್ಲೂ ಹಿಡಿದಿತ್ತು. ಹೆದರಬೇಡ, ಜ್ವರ ಇಳಿದು ಎರಡು ದಿನವಾಯಿತು. ಈಗ ಉಳಿದಿರುವುದು ಸೋರುವ ಮೂಗು ಮತ್ತು ನಿಲ್ಲದ ಬಾಯಿ. ಆ ಬಾಯಿ ಹೇಳಿದ ಕಥೆ ಕೇಳಿಯೇ ನಾನು ಇವತ್ತು ಪೆನ್ನು ಹಿಡಿದು ಕೂತಿದ್ದೇನೆ.

ಬಿಸಿ ಹಾಲುಚಹಾದಲ್ಲಿ ಕುರಿಯ ಬಾಲದ ಕೊಬ್ಬು ಕರಗಿಸಿ ಅವಳ ಕೈಗಿಟ್ಟೆ. ಅದನ್ನು ಕಂಡರೆ ಮೂಗು ಮುರಿದು ಕಂಬಳಿಯೊಳಗೆ ಸೇರಿಕೊಳ್ಳುತ್ತಿದ್ದವಳು ಗಟಗಟ ಕುಡಿದು ಬಟ್ಟಲು ಇಟ್ಟಳು. "ಏನೇ, ಇವತ್ತು ತಕರಾರೇ ಇಲ್ಲ?" ಅಂದೆ.

"ಪೇಟೆ ಅಜ್ಜೀನೇ ನುಂಗಿದ್ಲು, ನಂಗೇನು ಕಷ್ಟ?" ಅಂದಳು.

ಜಾಪಾರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿನ್ನ ಪೇಟೆ ಅಜ್ಜಿ ಬಾಲಗೊಬ್ಬು ನುಂಗಿದ ದಿವಸ ನಮ್ಮ ಕತ್ತೆ ಕನ್ನಡಕ ಹಾಕ್ಕೊಂಡು ಪೇಪರ್ ಓದುತ್ತೆ ಕಣೇ."

"ಇಲ್ಲ ತಾತ, ನಿಜ! ನಂಗೆ ಕೆಮ್ಮು ಬಂದಿತ್ತಲ್ಲ, ಆಗ. ಬಜಾರಿಂದ ಕೊಬ್ಬು ತಂದ್ಲು, ಲಿವರ್ರೂ ತಂದ್ಲು. ನಂಗೆ ಚಹಾದಲ್ಲಿ ಹಾಕಿ ಕೊಟ್ಲು. ಆಮೇಲೆ ತಟ್ಟೇಲಿ ಒಂದು ತುಂಡು ಕೊಬ್ಬು, ಒಂದು ತುಂಡು ಲಿವರ್ ಇಟ್ಕೊಂಡು ಸುಮ್ನೆ ನೋಡ್ತಾ ಕೂತ್ಲು. ಅಂಗಡಿಯ ಬಿಳೀ ಕೋಟೂ ಬಿಚ್ಚಿರಲಿಲ್ಲ. ಆಮೇಲೆ ಮೂಗು ಹಿಡ್ಕೊಂಡು ಎರಡೂ ಒಟ್ಟಿಗೆ ಬಾಯಿಗೆ ಹಾಕ್ಕೊಂಡ್ಲು. ಹಿಂಗೆ!" ಅಂತ ಕೆನ್ನೆ ಉಬ್ಬಿಸಿ ಕಣ್ಣು ಮೇಲಕ್ಕೆ ಮಾಡಿ ತೋರಿಸಿದಳು. "ಕಣ್ಣಲ್ಲಿ ನೀರು ಬಂತು. 'ಉಗಿದ್ಬಿಡು ಅಜ್ಜಿ' ಅಂದೆ. 'ಉಗಿಯಲ್ಲ, ಈ ಸಲ ಉಗಿಯಲ್ಲ' ಅಂದ್ಲು. ನುಂಗೇಬಿಟ್ಲು."

ಎಲ್ಲರೂ ನಗುತ್ತಿದ್ದರು. ಈ ಕೊನೆಯ ಮಾತಿಗೆ ನಗು ಒಬ್ಬೊಬ್ಬರದಾಗಿ ನಿಂತಿತು. ಚಹಾ ಬಗ್ಗಿಸುತ್ತಿದ್ದ ನನ್ನ ಕೈಯೂ ನಿಂತಿತು.

ಕ್ಲಾರಾ, ಆ ಮೊದಲ ಸಲ ನೀನು ಉಗಿದದ್ದನ್ನು ನಾನು ನೋಡಿದ್ದೆ. ಮಕ್ಕಳ ಮದುವೆಯ ಮಾತುಕತೆ ಮುಗಿಸಿ ನಿನ್ನ ಮನೆಯಲ್ಲಿ ಬೀಗರ ತಟ್ಟೆ ತಂದಿಟ್ಟ ದಿನ. ಅನಾಥ ಮಕ್ಕಳ ಶಾಲೆಯಲ್ಲಿ ಬೆಳೆದ ನಿನಗೆ ನಮ್ಮ ಶಾಸ್ತ್ರಗಳು ಗೊತ್ತಿಲ್ಲವೆಂದು ನಾನೇ ನಿನ್ನ ಕಿವಿಯಲ್ಲಿ ಹೇಳಿದ್ದೆ: ಬಿಳಿಯ ಬಾಲಗೊಬ್ಬು, ಕಪ್ಪು ಲಿವರು, ಎರಡನ್ನೂ ಸೇರಿಸಿ ಎರಡು ಕಡೆಯವರೂ ನುಂಗಿದರೆ ಬೀಗತನ ಕಟ್ಟಿತು ಎಂದು, ಅದಾದ ಮೇಲೆ ಮಾತು ತಪ್ಪುವ ಹಾಗಿಲ್ಲ ಎಂದು. ನಮ್ಮ ಕಡೆಯ ಗಂಡಸರು ತುತ್ತು ಮಾಡಿ ಮಾಡಿ ನಿನ್ನ ಬಾಯಿಗೆ ತುರುಕಿದರು. ನೀನು ಬಾಯಿ ತೆರೆದೆ. ಗುಡಿಸಿಟ್ಟ ಕೋಣೆಯ ಹಾಗಿದ್ದ ನಿನ್ನ ಮುಖದಲ್ಲಿ ಆ ಕೊಬ್ಬು ಎಷ್ಟು ಬೇಡದ ನೆಂಟನಾಗಿತ್ತೆಂದು ನನಗೊಬ್ಬಳಿಗೆ ಕಂಡಿತು. ನೀನು ಕೆಮ್ಮಿದ ಹಾಗೆ ಮಾಡಿ ಕರ್ಚೀಫು ಬಾಯಿಗಿಟ್ಟೆ, ಕರ್ಚೀಫು ಪಕ್ಕದಲ್ಲಿದ್ದ ಕೈಚೀಲಕ್ಕೆ ಹೋಯಿತು. ನಾವು ಹೊರಡುವ ಹೊತ್ತಿಗೆ ಆ ಚೀಲದ ತಳದಲ್ಲಿ ಎಣ್ಣೆಯ ಕಲೆ ಅಗಲವಾಗುತ್ತಿತ್ತು. ದಾರಿಯುದ್ದಕ್ಕೂ ನಾನೊಬ್ಬಳೇ ನಗುತ್ತಾ ಬಂದೆ. ಇಷ್ಟು ಹೇಸಿಕೊಂಡರೂ ನಮ್ಮ ಮನಸ್ಸು ನೋಯಬಾರದೆಂದು ಬಾಯಿ ತೆರೆದಳಲ್ಲ, ಇವಳ ಮಗಳನ್ನು ಕಣ್ಣು ಮುಚ್ಚಿ ತಂದುಕೊಳ್ಳಬಹುದು ಅನ್ನಿಸಿತ್ತು.

ಆಗ ನಿನ್ನನ್ನು 'ನೀವು' ಅನ್ನುತ್ತಿದ್ದೆ. 'ನೀನು' ಆದದ್ದು ಬೆರ್ಮೆತ್ ಹುಟ್ಟಿದ ಚಳಿಗಾಲದಲ್ಲಿ. ಕೂಸು ನೋಡಲು ಬಂದವಳು ಕಿಜಿಲ್‌ಬೆಲ್ ಘಾಟಿ ಹಿಮದಲ್ಲಿ ಮುಚ್ಚಿಹೋಗಿ ನಮ್ಮಲ್ಲೇ ಸಿಕ್ಕಿಹಾಕಿಕೊಂಡೆ. ಅದೇ ವಾರ ಫ್ಲೂ ಮನೆ ಹೊಕ್ಕಿತು. ಜಾಪಾರ್ ಬಿದ್ದ, ನನ್ನ ಮಗ ಮೈರಾಮ್ ಬಿದ್ದ, ನಿನ್ನ ಮಗಳು, ಬಾಣಂತಿ ಎಲ್ನೂರಾ ಬಿದ್ದಳು. ಉಳಿದವರು ನಾವಿಬ್ಬರು, ಯುದ್ಧಕ್ಕೆ ನಿಂತವರ ಹಾಗೆ. ನಾನು ಬಾಣಲೆಯಲ್ಲಿ ಪಿಡುಗು ಓಡಿಸುವ ಬೆಟ್ಟದ ಸೊಪ್ಪು ಸುಟ್ಟು ಹೊಗೆಯೆಬ್ಬಿಸಿ ಮೂಲೆಮೂಲೆಗೆ ಹಿಡಿಯುತ್ತಾ ಬಂದರೆ, ನೀನು ನನ್ನ ಹಿಂದೆಯೇ ಕಿಟಕಿ ತೆರೆಯುತ್ತಾ ಬಂದೆ.

"ಇದು ವೈರಸ್ಸು ಬೀಗಿತಿ, ದೆವ್ವ ಅಲ್ಲ. ಹೊಗೆಗೆ ಹೆದರಿ ಓಡಿಹೋಗಲ್ಲ."

"ನಿಮ್ಮ ಮಾತ್ರೆ ಕಂಡು ಓಡಿಹೋಗಿದ್ದು ನಾನೂ ನೋಡಿಲ್ಲ. ಕಿಟಕಿ ಮುಚ್ಚಿ, ಮನೆ ಒಳಗೇ ಹಿಮ ಬೀಳ್ತಿದೆ!"

"ಕೂಸಿನ ಹತ್ರ ಮಾತ್ರ ಹೊಗೆ ತರಬೇಡಿ. ಎಳೇ ಎದೆ ಅದು." ಆ ಮಾತು ನೀನು ಜಗಳದ ದನಿಯಲ್ಲಿ ಹೇಳಲಿಲ್ಲ. ನಾನು ಬಾಣಲೆಯನ್ನು ಹೊರಗಿಟ್ಟು ಬಂದೆ. ಆಮೇಲೆ ಜ್ವರದವರಿಗೆ ನೀನು ಪ್ಯಾರಾಸಿಟಮಾಲ್ ಕೊಡುವುದು, ನಾನು ಬೆನ್ನ ಹಿಂದೆಯೇ ಕೊಬ್ಬಿನ ಚಹಾ ಕೊಡುವುದು. ನೀನು ಹಣೆಗೆ ಒದ್ದೆ ಬಟ್ಟೆ ಹಾಕುವುದು, ನಾನು ಉಪ್ಪು ಹುರಿದು ಉಣ್ಣೆಯ ಕಾಲುಚೀಲದಲ್ಲಿ ಕಟ್ಟಿ ಪಾದಕ್ಕಿಡುವುದು. ಯಾರಿಂದ ಯಾರು ಎದ್ದರೋ ದೇವರಿಗೇ ಗೊತ್ತು. "ನಂಗೆ ಕೊಬ್ಬಿಂದ ಗುಣ ಆಯ್ತು" ಅಂತ ಜಾಪಾರ್ ನನ್ನ ಹತ್ತಿರ ಹೇಳುತ್ತಿದ್ದ, "ಮಾತ್ರೆಯಿಂದ" ಅಂತ ನಿನ್ನ ಹತ್ತಿರ. ಎರಡೂ ಕಡೆ ಜಾಮು ಸಿಕ್ಕುತ್ತಿತ್ತು ಅವನಿಗೆ.

ಕೊನೆಗೆ ನಾನೂ ಬಿದ್ದೆ. ನೀನು ಸಾಸಿವೆ ಪುಡಿ ಮೆತ್ತಿದ ಕಾಗದಗಳನ್ನು ಬೆಚ್ಚನೆಯ ನೀರಲ್ಲಿ ಅದ್ದಿ ನನ್ನ ಬೆನ್ನಿಗೆ ಅಂಟಿಸಿದೆ. ಸ್ವಲ್ಪ ಹೊತ್ತಿಗೆ ಬೆನ್ನೆಲ್ಲ ಉರಿದುಹೋಯಿತು. "ಅಯ್ಯಯ್ಯೋ, ಬೀಗಿತಿ ನನ್ನ ಸುಡ್ತಿದಾಳೆ!" ಅಂತ ಕೂಗಿದೆ. ನೀನು ಬೆನ್ನನ್ನು ಇಣುಕಿ ನೋಡಿ, "ಸುಡ್ಬೇಕು. ಸುಡದಿದ್ರೆ ಹಳೇ ಮಾಲು ಅಂತ ಅರ್ಥ" ಅಂದೆ. ಕಾಗದ ಕಿತ್ತು, ಕೆಂಪಾದ ಜಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಪುಟ್ಟ ಕೆಂಪು ಡಬ್ಬಿಯ ನಕ್ಷತ್ರದ ಗುರುತಿನ ಮುಲಾಮನ್ನು ನನ್ನ ಕಣತಲೆಗೆ ಉಜ್ಜಿದೆ. "ನೀನು ಮನುಷ್ಯಳಲ್ಲ ಕಣೇ" ಅಂದುಬಿಟ್ಟೆ ನಾನು. ಅಂದಮೇಲೆ ಮತ್ತೆ 'ನೀವು' ಬರಲಿಲ್ಲ.

ಮಾರನೆಯ ದಿನ ನಿನಗೂ ಮೂಗು ಕಟ್ಟಿತು. ಆಲೂಗಡ್ಡೆ ಬೇಯಿಸಿದ ಪಾತ್ರೆಯನ್ನು ನಡುವೆ ಇಟ್ಟುಕೊಂಡು, ಒಂದೇ ರಜಾಯಿ ಹೊದ್ದು, ನಾವಿಬ್ಬರೂ ಹಬೆ ತೆಗೆದುಕೊಂಡೆವು. ಒಳಗೆ ಕತ್ತಲು, ಮಣ್ಣಿನ ವಾಸನೆಯ ಹಬೆ, ಮೂಗಿನ ತುದಿಯಿಂದ ಬೆವರು. ಆ ಕತ್ತಲಲ್ಲಿ ನೀನು ಹೇಳಿದೆ: "ನಮ್ಮ ಶಾಲೆಯಲ್ಲಿ ಜ್ವರ ಬಂದೋರನ್ನ ಉದ್ದದ ಕೋಣೇಲಿ ಸಾಲಾಗಿ ಮಲಗಿಸ್ತಿದ್ರು. ದಾದಿ ತಟ್ಟೇಲಿ ಮಾತ್ರೆ ತರೋಳು. ಕೊಡುವಾಗ ಒಬ್ಬೊಬ್ಬರದೂ ಹಣೆ ಮುಟ್ಟಿ ನೋಡೋಳು. ಆ ಕೈಗೋಸ್ಕರ ನಾನು ಬೇಕಂತ ಹಿಮದಲ್ಲಿ ನಿಂತು ಕಾಯಿಲೆ ಬೀಳ್ತಿದ್ದೆ, ಸೈರಕಾನ್. ದೊಡ್ಡವಳಾದ ಮೇಲೆ ಮಾತ್ರೆ ಮಾರೋ ಕೆಲಸಾನೇ ಹಿಡಿದೆ." ನಾನು ಬೆವರಿದ ಕೈಯನ್ನೇ ಎತ್ತಿ ನಿನ್ನ ಹಣೆಯ ಮೇಲಿಟ್ಟೆ. ಪಾತ್ರೆ ತಣ್ಣಗಾಗುವವರೆಗೂ ಹಾಗೇ ಕೂತಿದ್ದೆವು. ಆಮೇಲೆ ಆ ಆಲೂಗಡ್ಡೆಯನ್ನೇ ಉಪ್ಪು ಹಚ್ಚಿ ತಿಂದೆವು.

ಅಕ್ಕತಂಗಿಯರ ನಡುವೆ ಬೆಳೆದವಳು ನಾನು. ಆದರೂ ಅಂಥ ಒಡನಾಟ ನನಗೆ ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ ಅಂದರೆ ನಂಬುತ್ತೀಯಾ?

ಮಕ್ಕಳ ಮದುವೆ ಮುರಿಯಿತು. ಯಾರ ತಪ್ಪೆಂದು ನಾನು ಇವತ್ತಿಗೂ ಹೇಳಲಾರೆ. ಇಬ್ಬರೂ ಒಳ್ಳೆಯವರೇ, ಒಂದೇ ಸೂರಿನಡಿ ಇಬ್ಬರೂ ಒಣಗುತ್ತಿದ್ದರು, ಬಿಡಿಸಿಕೊಂಡ ಮೇಲೆ ಇಬ್ಬರ ಮುಖಕ್ಕೂ ನೆತ್ತರು ಬಂತು. ಎಲ್ನೂರಾಳ ಪೆಟ್ಟಿಗೆ, ಹಾಸಿಗೆ ಒಯ್ಯಲು ನೀನು ಬಂದ ದಿನ ಗೇಟಿನಿಂದ ಈಚೆ ಕಾಲಿಡಲಿಲ್ಲ. ಚಹಾ ಬಟ್ಟಲು ಹಿಡಿದು ನಾನೇ ಹೊರಗೆ ಬಂದೆ. "ಯಾವ ಮುಖ ಇಟ್ಕೊಂಡು ಒಳಗೆ ಬರ್ಲಿ?" ಅಂದೆ ನೀನು. ಅದೇ ಹೊತ್ತಿಗೆ ಪಕ್ಕದ ಮನೆಯ ತೊತುಯಾ ದೊಡ್ಡಮ್ಮ ಬೇಲಿಯಾಚೆಯಿಂದ, "ಮದುವೆ ನಿಲ್ಲಲಿಲ್ಲ ಅಂದ್ರೆ ಬೀಗರ ಕೊಬ್ಬು ಯಾರದೋ ಗಂಟಲಲ್ಲಿ ಇಳಿದಿಲ್ಲ ಅಂತ್ಲೇ ಅರ್ಥ" ಅಂದಳು. ಎಲ್ಲ ಮದುವೆ ಮುರಿದಾಗಲೂ ಅವಳು ಅನ್ನುವ ಮಾತು ಅದು, ಬಾಯಿಪಾಠ. ಆದರೆ ನಿನ್ನ ಮುಖ ಬೂದಿಯಾದದ್ದನ್ನು ನಾನು ನೋಡಿದೆ. ಬಟ್ಟಲನ್ನು ಮುಟ್ಟದೆ ನೀನು ಕಾರು ಹತ್ತಿದೆ. ಅಂದಿನಿಂದ ಮೂರು ಚಳಿಗಾಲ ಕಳೆಯಿತು. ಹುಡುಗಿ ರಜೆಗೆ ಬರುತ್ತಾಳೆ, ಹೋಗುತ್ತಾಳೆ. ಮೈರಾಮ್ ಅವಳನ್ನು ನಿಮ್ಮ ಬೀದಿಯ ತಿರುವಿನಲ್ಲಿ ಇಳಿಸಿ ಬರುತ್ತಾನೆ. ಅವಳ ಚೀಲದಲ್ಲಿ ನೀನು ಮಾತ್ರೆ ಕಳಿಸುತ್ತೀ, ಅವಳ ಬಾಯಲ್ಲಿ ಎಚ್ಚರಿಕೆ ಕಳಿಸುತ್ತೀ: "ಮೈ ಸುಟ್ರೆ ಅರ್ಧ ಮಾತ್ರೆ, ಆಸ್ಪಿರಿನ್ ಮಾತ್ರ ಬೇಡ್ವಂತೆ." ನನಗೊಂದು ಮಾತೂ ಕಳಿಸಲಿಲ್ಲ.

ಹೋದ ವರ್ಷ ನಾನು ನಾರಿನ್ ಪೇಟೆಗೆ ಬಂದಿದ್ದೆ ಕ್ಲಾರಾ. ನಿನ್ನ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದೆ. ಖಾಲಿ ಕೈಯಲ್ಲಿ ಹೇಗೆ ಬರಲೆಂದು ಒಂದು ಸುಳ್ಳು ಕೆಮ್ಮನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದೆ. ಗಾಜಿನ ಕಿಂಡಿಯೊಳಗಿಂದ ನಿನ್ನ ದನಿ ಕೇಳುತ್ತಿತ್ತು: "ಆಂಟಿಬಯಾಟಿಕ್ ಕೊಡಲ್ಲ ಅಣ್ಣ, ನೆಗಡಿಗೆ ಅದ್ರಿಂದ ಏನೂ ಆಗಲ್ಲ. ಉಪ್ಪುನೀರು ಮುಕ್ಕಳಿಸಿ, ಜೇನು ಹಾಕಿ ಚಹಾ ಕುಡಿದು ಮಲಗಿ. ಉಸಿರು ಕಟ್ಟಿದ್ರೆ ಮಾತ್ರ ಡಾಕ್ಟರ ಹತ್ರ ಓಡಿ." ಅದೇ ಗದರು, ಅದೇ ಅಕ್ಕರೆ. ನನ್ನ ಸರದಿ ಹತ್ತಿರವಾದಂತೆ ನನ್ನ ಕೆಮ್ಮು ಬತ್ತಿಹೋಯಿತು. ಸಾಲು ಬಿಟ್ಟು ಬಸ್ಸು ಹತ್ತಿದೆ. ಘಾಟಿ ದಾಟುವಾಗ ಆ ಕೆಮ್ಮು ನಿಜಕ್ಕೂ ಬಂತು. ಅದಕ್ಕೆ ನಿನ್ನ ಅಂಗಡಿಯಲ್ಲೂ ಮದ್ದಿರಲಿಲ್ಲ, ನನ್ನ ಒಲೆಯಲ್ಲೂ ಇರಲಿಲ್ಲ.

ಈಗ ಹೇಳು, ಕೊಬ್ಬು ಇಳಿಯದ್ದಕ್ಕೇ ಮದುವೆ ಮುರಿಯುವುದಾದರೆ ನಾನೂ ಜಾಪಾರನೂ ಬೆರಳು ನೆಕ್ಕಿ ನೆಕ್ಕಿ ತಿಂದ ಪಾಲು ಎಲ್ಲಿಗೆ ಹೋಯಿತು? ಅರ್ಧ ಮದುವೆಯಾದರೂ ಉಳಿಯಬೇಕಿತ್ತಲ್ಲ! ಓದಿದವಳು, ವೈರಸ್ಸು ಅನ್ನುವವಳು, ಮೂರು ವರ್ಷ ಆ ಮಾತನ್ನು ಎದೆಯಲ್ಲಿಟ್ಟುಕೊಂಡು ತಿರುಗಿದೆಯಾ? ಹುಡುಗಿಯ ಕೆಮ್ಮಿನ ನೆಪದಲ್ಲಿ ಒಬ್ಬಳೇ ಕೂತು, ಸಾಕ್ಷಿಗೆ ಹಲ್ಲು ಬಿದ್ದ ಕೂಸೊಂದನ್ನು ಇಟ್ಟುಕೊಂಡು, ಮುರಿದುಹೋದ ಮದುವೆಗೆ ಬೀಗರ ತುತ್ತು ನುಂಗಿದೆಯಾ?

ನಿನ್ನೆ ಆ ಕಥೆ ಕೇಳಿ ಮೊದಲು ಬಾಯಿ ತೆರೆದವಳು ತೊತುಯಾ ದೊಡ್ಡಮ್ಮನೇ. ನಮ್ಮಲ್ಲೇ ಚಹಾಕ್ಕೆ ಬಂದು ಕೂತಿದ್ದಳು. ಹುಡುಗಿಯನ್ನು ಹತ್ತಿರ ಕರೆದು ಜಡ್ಜಿಯ ಹಾಗೆ ಕೇಳಿದಳು: "ಎರಡೂ ಒಟ್ಟಿಗೇ ನುಂಗಿದ್ಲಾ?"

"ಹ್ಞೂಂ. ಲಿವರ್ ಸ್ವಲ್ಪ ಸೀದುಹೋಗಿತ್ತು."

"ಸೀದ್ರೇನು, ಶಾಸ್ತ್ರ ಶಾಸ್ತ್ರವೇ." ಮುದುಕಿ ತಲೆವಸ್ತ್ರದ ತುದಿಯಲ್ಲಿ ಮೂಗು ಒರೆಸಿಕೊಂಡಳು. "ಅಳಿಯ ನೂರು ವರ್ಷ, ಬೀಗರು ಸಾವಿರ ವರ್ಷ ಅಂತ ಹಿರೀರು ಸುಮ್ನೆ ಹೇಳಿದ್ರಾ? ಹುಡುಗ ಹುಡುಗಿ ಬಿಟ್ರೆ ಬಿಡ್ಲಿ. ನೀವಿಬ್ರು ಬಿಟ್ಕೊಂಡಿದ್ದು ಯಾವ ಶಾಸ್ತ್ರದಲ್ಲಿದೆ? ನಾಲಿಗೆ ಉದ್ದ ಮಾಡಿದೋಳು ನಾನು, ಸರಿ. ನೀನೇನೇ ಸೈರಕಾನ್, ಒಂದು ಸಲ ಹೋಗಿ ಬಾಗಿಲು ತಟ್ಟಕ್ಕೆ ನಿನ್ನ ಕೈಗೇನಾಗಿತ್ತು?"

ಮೈರಾಮ್ ತಲೆ ತಗ್ಗಿಸಿ ಮಗಳ ಕಾಲುಚೀಲ ಸರಿಮಾಡುತ್ತಿದ್ದ. ಆಮೇಲೆ, "ನಾಳೆ ಹೇಗೂ ಇವಳನ್ನ ಬಿಡೋಕೆ ಹೋಗ್ಬೇಕಲ್ಲ ಅಮ್ಮ. ಕಾರಲ್ಲಿ ಜಾಗ ಇದೆ" ಅಂದ.

ಬೆಳಗಾಯಿತು. ನಾನು ಎದ್ದು ನೋಡುವಷ್ಟರಲ್ಲಿ ಜಾಪಾರ್ ಕೈಗನ್ನಡಿಯ ಮುಂದೆ ಗಡ್ಡ ಹೆರೆದು, ಎರಡು ಕಡೆ ಕೊಯ್ದುಕೊಂಡು, ಹಬ್ಬದ ನರಿತೊಗಲಿನ ಟೋಪಿ ಇಟ್ಟು ಕೂತಿದ್ದ. ಮೈರಾಮ್ ಹೆಪ್ಪುಗಟ್ಟಿದ ಎಂಜಿನ್ನಿಗೆ ಬೆಂಕಿ ಹಿಡಿದು ಕಾಯಿಸುತ್ತಿದ್ದ. ಕಾರಿನ ಡಿಕ್ಕಿಯಲ್ಲಿ, ಬೀಗರ ತಟ್ಟೆಗೆಂದು, ನಮ್ಮ ಕೊಬ್ಬಿದ ಟಗರು ಕಾಲು ಕಟ್ಟಿಸಿಕೊಂಡು ಮಲಗಿದೆ. ಬೆರ್ಮೆತ್ ಅದಕ್ಕೆ ಸಕ್ಕರೆ ತಿನ್ನಿಸುತ್ತಾ ತನ್ನ ಶಾಲೆಯ ಸುದ್ದಿ ಹೇಳುತ್ತಿದ್ದಾಳೆ. ತೊತುಯಾ ದೊಡ್ಡಮ್ಮ ಕರೆಯದೆಯೇ ಬಂದು ಮುಂದಿನ ಸೀಟಿನಲ್ಲಿ ಕೂತುಬಿಟ್ಟಿದ್ದಾಳೆ. "ಹಿಂದೆ ಕೂತ್ಕೋ ದೊಡ್ಡಮ್ಮ, ಬೆಚ್ಚಗಿರುತ್ತೆ" ಅಂದರೆ, "ಏಳಲ್ಲ. ಮೊದಲು ಇಳಿಯೋಳು ನಾನು. ಆ ಮಾತನ್ನ ವಾಪಸ್ ತಗೋಬೇಕು, ನಂಗೆ ವಯಸ್ಸಾಗಿದೆ, ತಡ ಮಾಡಕ್ಕಾಗಲ್ಲ" ಅನ್ನುತ್ತಾಳೆ.

ಹೀಗೆ ತುಂಬಿದ ಕಾರು ಕಂಡು ನೀನು ಗಾಬರಿಯಾಗಬಾರದೆಂದು ಈ ಪತ್ರವನ್ನು ಮುಂಜಾನೆಯ ಟ್ಯಾಕ್ಸಿಯವನ ಕೈಲಿ ಕಳಿಸುತ್ತಿದ್ದೇನೆ. ನಮಗಿಂತ ಒಂದು ತಾಸು ಮುಂಚೆ ಅವನು ತಲುಪುತ್ತಾನೆ. ಒಂದು ಮಾತು ಸ್ಪಷ್ಟವಾಗಿರಲಿ: ನಾವು ಮಕ್ಕಳನ್ನು ಮತ್ತೆ ಕೂಡಿಸಲು ಬರುತ್ತಿಲ್ಲ. ಆ ಗಂಟು ಬಿಚ್ಚಿದ್ದು ಬಿಚ್ಚಿತು, ಎಲ್ನೂರಾಳಿಗೆ ಹೇಳು, ಅವಳು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗಲಿ. ನಾವು ಬರುತ್ತಿರುವುದು ನಿನ್ನ ಮನೆಗೆ, ನಿನಗೋಸ್ಕರ.

ಚಹಾಕ್ಕೆ ನೀರಿಡು. ಚಿಲಕ ತೆಗೆದಿರು, ದೊಡ್ಡಮ್ಮನ ಕೈಯಲ್ಲಿ ಊರುಗೋಲಿದೆ, ಅವಳು ತಟ್ಟಿದರೆ ನಿನ್ನ ಬಾಗಿಲು ಉಳಿಯುವುದಿಲ್ಲ.

ನಿನ್ನ ಒಲೆಯ ಹೊಗೆ ಎಂದೂ ಆರದಿರಲಿ, ನಿನ್ನ ಹೊಸಿಲಿಗೆ ನೆಂಟರ ಹೆಜ್ಜೆ ತಪ್ಪದಿರಲಿ.

ನಿನ್ನ ಬೀಗಿತಿ,
ಸೈರಕಾನ್